ಹತ್ತು ಅಂಗಡಿಗೆ ಒಂದು ಅಚ್ಚಿನಮನೆ

ದೊಡ್ಡಬಳ್ಳಾಪುರದ ನೇಕಾರಕೇರಿಗಳಲ್ಲಿ ವಿದ್ಯುನ್ಮಗ್ಗದ ಸದ್ದಿನ ನಡುವೆ ಒಮ್ಮೆ ನಡೆದುಬಂದವರಿಗೂ ತಿಳಿದಿರುವಂತೆ, ಅಲ್ಲಿನ ಕೂಲಿ ನೇಕಾರನು ತನಗೆ ತೋಚಿದ ಸೀರೆಯನ್ನು ನೇಯ್ದು ಅನಂತರ ಗಿರಾಕಿಯನ್ನು ಅರಸುವವನಲ್ಲ. ಬಂಡವಾಳಗಾರನು ಕೊಟ್ಟ ನೂಲನ್ನು, ಬಂಡವಾಳಗಾರನು ಒಪ್ಪಿದ ವಿನ್ಯಾಸದಂತೆ, ಅವನು ಹೇಳಿದಷ್ಟು ಸಂಖ್ಯೆಯಲ್ಲಿ ನೇಯ್ದುಕೊಟ್ಟು ತನ್ನ ಕೂಲಿಯನ್ನು ಎಣಿಸಿಕೊಳ್ಳುವವನು. ಆ ಸೀರೆ ಚಿಕ್ಕಪೇಟೆಯ ಸಗಟು ಅಂಗಡಿಯನ್ನು ಸೇರಿ, ಯಾರದೋ ಹೆಸರಿನ ಪೆಟ್ಟಿಗೆಯಲ್ಲಿ ಯಾವುದೋ ಮದುವೆಮನೆಯನ್ನು ಮುಟ್ಟುವ ವೇಳೆಗೆ, ಅದನ್ನು ನೇಯ್ದ ಕೈ ಯಾವುದೆಂಬ ಸುಳಿವು ಕೊಂಡವರಿಗೂ ಇರುವುದಿಲ್ಲ, ಕೊಂಡವರು ಯಾರೆಂಬ ಸುಳಿವು ನೇಯ್ದವನಿಗೂ ಇರುವುದಿಲ್ಲ. ಈಗ ಪ್ರಿಂಟ್ ಆನ್ ಡಿಮ್ಯಾಂಡ್ ಎಂಬ ಹೆಸರಿನಿಂದ ಬಂದಿರುವ ಉದ್ಯಮವನ್ನು ಅತ್ಯಂತ ನವೀನವಾದುದೆಂದು ವರ್ಣಿಸುವವರ ಮಾತನ್ನು ಕೇಳುವಾಗಲೆಲ್ಲ, ಕೇಳಿದ ಮೇಲೆ ಮಾಡಿಕೊಡುವ ಈ ಕ್ರಮವನ್ನು ನಮ್ಮ ತಾಲ್ಲೂಕು ತಲೆಮಾರುಗಳಿಂದ ಬಲ್ಲದು, ಅದರ ಲಾಭವು ಯಾರ ಪಾಲಾಯಿತೆಂಬುದನ್ನೂ ಬಲ್ಲದು ಎಂದು ನನಗೆ ತೋರುತ್ತದೆ.

ಉದ್ಯಮದ ಸ್ವರೂಪವನ್ನು ಅರಿಯದವರಿಗಾಗಿ ಎರಡು ಮಾತು. ಮಾರುವವನ ಬಳಿ ಸರಕಿನ ರಾಶಿ ಇರುವುದಿಲ್ಲ. ಟೀ ಶರ್ಟಿನದೋ ಚೀಲದದೋ ಪುಸ್ತಕದದೋ ಚಿತ್ರವೊಂದು ಆನ್‌ಲೈನ್ ಅಂಗಡಿಯಲ್ಲಿ ತೂಗುತ್ತಿರುತ್ತದೆ. ಕೊಳ್ಳುವವನು ಹಣ ಕೊಟ್ಟಮೇಲೆ ಆ ಬೇಡಿಕೆಯು ಮುದ್ರಕನಿಗೆ ಹೋಗಿ, ಅವನು ಒಂದೇ ಒಂದು ಪ್ರತಿಯನ್ನು ಅಚ್ಚುಹಾಕಿ, ಮಾರುವವನ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಕಳುಹಿಸುತ್ತಾನೆ. ಇದರ ಚರಿತ್ರೆಯ ಒಂದಂಶವು ನಮ್ಮ ನೆರೆಯಲ್ಲಿಯೇ ನಡೆದಿದೆ: 2007ರಲ್ಲಿ ಫ್ಲಿಪ್‌ಕಾರ್ಟ್ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಪ್ರಾರಂಭವಾಯಿತು, ಮರುವರ್ಷ, 2008ರಲ್ಲಿ, ಅದೇ ಊರಿನಲ್ಲಿ ಪೋಥಿ ಡಾಟ್ ಕಾಮ್ ಎಂಬ ಸಂಸ್ಥೆಯು ಲೇಖಕನಿಗೆ ಬೇಡಿಕೆ ಬಂದಷ್ಟೇ ಪ್ರತಿಗಳನ್ನು ಮುದ್ರಿಸಿಕೊಡುವ ಕೆಲಸವನ್ನು ಕೈಗೊಂಡಿತು. ಸಾವಿರ ಪ್ರತಿ ಅಚ್ಚು ಮಾಡಿಸಿ ಒಂಬೈನೂರನ್ನು ಅಟ್ಟದ ಮೇಲಿಟ್ಟ ಕನ್ನಡದ ಕವಿಗಳನ್ನು ನೆನೆದರೆ ಈ ಏರ್ಪಾಡಿನ ಉಪಕಾರ ಎಷ್ಟೆಂಬುದು ವಿವರಿಸದೆಯೇ ತಿಳಿಯುವುದು.

ಅಷ್ಟು ಸಮೀಪದಲ್ಲಿ ಹುಟ್ಟಿದುದು ನಮ್ಮ ಜಿಲ್ಲೆಗೆ ಯಾವ ರೂಪದಲ್ಲಿ ಬಂದಿತು? ಉಗ್ರಾಣಗಳ ರೂಪದಲ್ಲಿ ಬಂದಿತು. ದಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೂಲಕ ಹೊಸಕೋಟೆಗೆ ಸುತ್ತುವ ಹೆದ್ದಾರಿಯು ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೂ ಪೋಣಿಸಿದೆ. 2008ರ ಮೇ ತಿಂಗಳಿಂದ ದೇವನಹಳ್ಳಿಯಲ್ಲಿ ವಿಮಾನನಿಲ್ದಾಣವಿದೆ. ನೆಲಮಂಗಲ, ಹೊಸಕೋಟೆಗಳ ಸುತ್ತ ರಾಗಿಹೊಲವಿದ್ದಲ್ಲಿ ಈಗ ತಗಡಿನ ಮಹಾಗೋದಾಮುಗಳೆದ್ದಿವೆ. ದೇಶದ ಮೂಲೆಮೂಲೆಯ ಸರಕು ಇವುಗಳ ಮೂಲಕ ಹಾದುಹೋಗುತ್ತಿರಲು, ನಮ್ಮ ಹುಡುಗರು ಅಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸುವ, ಲಾರಿಗೆ ತುಂಬುವ, ಬಾಗಿಲು ಕಾಯುವ ಕೆಲಸಗಳಲ್ಲಿದ್ದಾರೆ. ಆ ಕೆಲಸಗಳನ್ನು ನಾನು ಹಗುರಾಗಿ ಕಾಣುವುದಿಲ್ಲ, ಸಂಬಳ ತಿಂಗಳಿಗೆ ತಪ್ಪದೆ ಬರುತ್ತದೆ. ಆದರೂ ಪೊಟ್ಟಣದೊಳಗಿನ ವಸ್ತುವು ಇಲ್ಲಿಯದಾಗುವ ಅವಕಾಶ ಕೈಯಳತೆಯಲ್ಲಿ ಇರುವಾಗ ಅದನ್ನು ಯೋಚಿಸದೆ ಬಿಡುವುದು ವಿವೇಕವಲ್ಲ.

ನವೆಂಬರಿನ ರಾಜ್ಯೋತ್ಸವದ ಟೀ ಶರ್ಟುಗಳನ್ನೇ ನೋಡಿ. ಹಳದಿ ಕೆಂಪು ಬಣ್ಣದ, ಕನ್ನಡ ಅಕ್ಷರದ ಅಂಗಿಗಳಿಗೆ ಆ ಒಂದು ತಿಂಗಳು ಸಂಘಗಳಿಂದ, ಕಾರ್ಖಾನೆಗಳಿಂದ, ಕಾಲೇಜುಗಳಿಂದ ಬರುವ ಬೇಡಿಕೆಯು ಡಿಸೆಂಬರಿನ ಮೊದಲ ವಾರಕ್ಕೆ ಬತ್ತಿಹೋಗುತ್ತದೆ. ಮೊದಲೇ ಅಚ್ಚುಹಾಕಿಸಿಟ್ಟ ವ್ಯಾಪಾರಿಯ ಹತ್ತಿರ ಉಳಿಯುವುದು ಯಾವಾಗಲೂ ಯಾರಿಗೂ ಹಿಡಿಸದ ಅಳತೆಗಳು, ಮತ್ತು ಆ ವರ್ಷದ ಇಸವಿ ಮುದ್ರಿತವಾದ ಬಟ್ಟೆ. ಬೇಡಿಕೆ ಬಂದಮೇಲೆ ಮುದ್ರಿಸುವವನಿಗಾದರೋ ಉಳಿಯುವುದು ಬರಿಯ ಪ್ಲೇನ್ ಟೀ ಶರ್ಟು. ಅದರ ಮೇಲೆ ಜನವರಿಯಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯ ಹೋರಿಯನ್ನು, ಬೇಸಿಗೆಯಲ್ಲಿ ಶಿವಗಂಗೆಯ ಬೆಟ್ಟವನ್ನು ಅಚ್ಚೊತ್ತಬಹುದು. ಯಂತ್ರಸಾಮಗ್ರಿಯೂ ಮನೆಯ ನಡುಮನೆಯಲ್ಲಿ ಹಿಡಿಯುವಷ್ಟರದು. ಡಿಟಿಎಫ್ ಎಂದು ಕರೆಯುವ ವಿಧಾನದಲ್ಲಿ ಚಿತ್ರವನ್ನು ಮೊದಲು ತೆಳುವಾದ ಫಿಲ್ಮಿನ ಮೇಲೆ ಮುದ್ರಿಸಿ, ಹಸಿ ಶಾಯಿಯ ಮೇಲೆ ಅಂಟಿನ ಪುಡಿಯನ್ನುದುರಿಸಿ, ಕಾಯಿಸಿ ಕರಗಿಸಿ, ಅನಂತರ ಆ ಫಿಲ್ಮನ್ನು ಬಟ್ಟೆಯ ಮೇಲೆ ಮಲಗಿಸಿ ಹೀಟ್ ಪ್ರೆಸ್ಸಿನಲ್ಲಿ ಕೆಲವು ಸೆಕೆಂಡು ಒತ್ತಿ ಸುಲಿದುಬಿಡುತ್ತಾರೆ. ಎರಡು ಮಗ್ಗ ನಿಂತಿದ್ದ ಜಾಗದಲ್ಲಿ ಇದು ನಿಲ್ಲುತ್ತದೆ.

ಇಷ್ಟರವರೆಗೆ ಎಲ್ಲವೂ ಸುಲಭ. ಕಷ್ಟವು ಪ್ರಾರಂಭವಾಗುವುದು ಒಂದೇ ಅಚ್ಚಿನಮನೆಯನ್ನು ಅನೇಕ ಅಂಗಡಿಗಳಿಗೆ ಜೋಡಿಸುವಲ್ಲಿ. ಜೋಡಿಸದೆಯೂ ಗತಿಯಿಲ್ಲ, ಏಕೆಂದರೆ ಒಂದೇ ಅಂಗಡಿಯನ್ನು ನಂಬಿ ಕುಳಿತವನು ಅದು ಕಮಿಷನ್ ಏರಿಸಿದ ದಿನ, ಅಥವಾ ಅವನ ಸರಕನ್ನು ಹುಡುಕುಪಟ್ಟಿಯ ಹತ್ತನೆಯ ಪುಟಕ್ಕೆ ತಳ್ಳಿದ ದಿನ, ಹಳೆಯ ಕೂಲಿ ನೇಕಾರನ ಸ್ಥಿತಿಗೇ ಮರಳುತ್ತಾನೆ. ದೇವನಹಳ್ಳಿಯ ಚಕ್ಕೋತದ ಚಿತ್ರವಿರುವ ಕಪ್ಪು ಅಂಗಿಯೊಂದನ್ನು ನಾಲ್ಕು ಅಂಗಡಿಗಳಲ್ಲಿ ಮಾರುತ್ತೇವೆಂದು ಭಾವಿಸಿ. (ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಹಣ್ಣಿನ ಮರಗಳಿಗಿಂತ ಅದರ ಚಿತ್ರಗಳೇ ಹೆಚ್ಚು ಬಾಳುವವೇನೋ ಎಂಬ ಭಯ ನನಗಿದೆ.) ಪ್ರತಿಯೊಂದು ಅಂಗಡಿಯೂ ಆ ಅಂಗಿಗೆ ಎಸ್‌ಕೆಯು ಎಂಬ ತನ್ನದೇ ಆದ ಗುರುತುಸಂಖ್ಯೆಯನ್ನು ಬಯಸುತ್ತದೆ, ಒಂದರಲ್ಲಿ ಅದು ಬ್ಲ್ಯಾಕ್, ಇನ್ನೊಂದರಲ್ಲಿ ಜೆಟ್ ಬ್ಲ್ಯಾಕ್, ಒಂದರ ಅಳತೆಪಟ್ಟಿಯಲ್ಲಿ ಎಲ್ ಎಂದರೆ ನಲವತ್ತು ಅಂಗುಲದ ಎದೆ, ಮತ್ತೊಂದರಲ್ಲಿ ನಲವತ್ತೆರಡು. ಈ ನಾಲ್ಕು ಹೆಸರುಗಳೂ ಕಪಾಟಿನಲ್ಲಿರುವ ಒಂದೇ ಬಟ್ಟೆಯನ್ನು ಸೂಚಿಸುತ್ತವೆಂದು ಗಣಕಕ್ಕೆ ಯಾರಾದರೂ ತಪ್ಪಿಲ್ಲದೆ ಬರೆದುಕೊಡಬೇಕು. ಇದನ್ನು ಮ್ಯಾಪಿಂಗ್ ಎನ್ನುತ್ತಾರೆ, ಮತ್ತು ಈ ವೃತ್ತಿಯಲ್ಲಿ ನಷ್ಟವಾಗುವುದು ಬಹುಮಟ್ಟಿಗೆ ಇಲ್ಲಿಯೇ.

ಏಕೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಚಕ್ಕೋತದಂತೆಯೇ ಇಪ್ಪತ್ತು ಚಿತ್ರಗಳಿವೆ, ನಾಲ್ಕು ಅಂಗಡಿಗಳಿವೆ. ಎಂದರೆ ಎಲ್ ಅಳತೆಯ ಕಪ್ಪು ಪ್ಲೇನ್ ಟೀ ಶರ್ಟಿನ ಮೇಲೆ ಎಂಬತ್ತು ಬಾಬುಗಳು ಅವಲಂಬಿಸಿವೆ. ಕಪಾಟಿನಲ್ಲಿ ಅಂಥ ಅಂಗಿ ಒಂದೇ ಉಳಿದಿರುವಾಗ ಹುಬ್ಬಳ್ಳಿಯ ಒಬ್ಬರು ಹೋರಿಯ ಚಿತ್ರವನ್ನು ಕೊಂಡರೆ, ಉಳಿದ ಎಪ್ಪತ್ತೊಂಬತ್ತು ಕಡೆಗಳಲ್ಲಿಯೂ ಅದೇ ಕ್ಷಣದಲ್ಲಿ ದಾಸ್ತಾನಿಲ್ಲವೆಂಬ ಸೂಚನೆ ಬೀಳಬೇಕು. ಹತ್ತು ನಿಮಿಷ ತಡವಾಯಿತೆನ್ನಿ. ಮೈಸೂರಿನವರೊಬ್ಬರೂ ಕಲಬುರಗಿಯವರೊಬ್ಬರೂ ಬೇರೆ ಬೇರೆ ಅಂಗಡಿಗಳಲ್ಲಿ ಇಲ್ಲದ ಅಂಗಿಗೆ ಹಣ ಕೊಟ್ಟಿರುತ್ತಾರೆ, ಆ ಆರ್ಡರುಗಳನ್ನು ಮುದ್ರಕನು ರದ್ದುಮಾಡಿದರೆ ಅಂಗಡಿಯು ಅವನ ಖಾತೆಗೆ ಕಳಂಕ ಹಚ್ಚುತ್ತದೆ. ಇಷ್ಟಲ್ಲದೆ ಪ್ರತಿ ಅಂಗಡಿಯೂ ತನ್ನ ಚೀಟಿಯನ್ನೇ ಪೊಟ್ಟಣಕ್ಕೆ ಅಂಟಿಸಬೇಕೆನ್ನುತ್ತದೆ. ಸಂಜೆ ಐದರ ಹೊತ್ತಿಗೆ ವ್ಯಾನು ಬಂದು ನಿಂತಿರುವಾಗ ಎರಡು ಚೀಟಿ ಅದಲುಬದಲಾದರೆ ಶಿವಗಂಗೆಯು ಮೈಸೂರಿಗೂ ಚಕ್ಕೋತವು ಕಲಬುರಗಿಗೂ ಹೋಗಿ ಎರಡೂ ಹಿಂದಿರುಗುತ್ತವೆ.

ಕನ್ನಡಕ್ಕೆ ವಿಶೇಷವಾದ ಇನ್ನೊಂದು ಪೀಡೆಯೂ ಉಂಟು. ಕೊಳ್ಳುವವನು ತನ್ನ ಮಗಳ ಹೆಸರನ್ನು ಅಂಗಿಯ ಮೇಲೆ ಬರೆಯಿಸಬಯಸಿ ಅಂಗಡಿಯ ಪುಟದಲ್ಲಿ ಲಕ್ಷ್ಮಿಯೆಂದು ಟೈಪು ಮಾಡುತ್ತಾನೆ; ಅಲ್ಲಿಂದ ಆ ಹೆಸರು ಜೋಡಿಸುವ ತಂತ್ರಾಂಶವನ್ನು ದಾಟಿ ಮುದ್ರಕನ ಯಂತ್ರವನ್ನು ಸೇರುವ ದಾರಿಯಲ್ಲಿ ಕನ್ನಡವನ್ನು ಅರಿಯದ ಒಂದು ಕೊಂಡಿಯಿದ್ದರೂ ಸಾಕು, ಒತ್ತಕ್ಷರಗಳು ಕಳಚಿ, ಗುಣಿತದ ಚಿಹ್ನೆಗಳು ದಿಕ್ಕೆಟ್ಟು, ಲಕ್ಷ್ಮಿಯು ಗುರುತು ಸಿಗದ ರೂಪದಲ್ಲಿ ಅಚ್ಚಾಗುತ್ತಾಳೆ. ಹೊರಊರಿನ ಮುದ್ರಕನಿಗೆ ಕನ್ನಡ ಓದಲು ಬಾರದಿರುವುದರಿಂದ ಅವನು ಅದನ್ನೇ ಅಂದವಾಗಿ ಮಡಿಸಿ ಕಳುಹಿಸುತ್ತಾನೆ. ಇಂಥ ಅಂಗಿಯನ್ನು ಬೇರೆ ಯಾವ ಲಕ್ಷ್ಮಿಗೂ ಮಾರಲಾಗದು.

ಅಂಗಿ ಹಿಂದಿರುಗಿದರೆ ಏನಾಗುತ್ತದೆಂಬುದಕ್ಕೆ ಉದಾಹರಣೆಗೆಂದು ಒಂದು ಲೆಕ್ಕವನ್ನು ಇಟ್ಟುಕೊಳ್ಳೋಣ. ಅಂಕಿಗಳು ನನ್ನ ಕಲ್ಪನೆಯವು, ಅವರವರ ಅಂಕಿಗಳನ್ನು ಅವರವರು ತುಂಬಿಕೊಳ್ಳಬಹುದು. ಮಾರುವ ಬೆಲೆ 499 ರೂಪಾಯಿ. ಬಟ್ಟೆ, ಶಾಯಿ, ಕೂಲಿ, ಪೊಟ್ಟಣಗಳಿಗೆ 210 ಹೋಯಿತು; ಕಮಿಷನ್ನು, ಕೊರಿಯರು ಸೇರಿ 150 ಹೋಯಿತು; ಕೈಯಲ್ಲುಳಿದದ್ದು 139. ಐದು ಅಂಗಿಗಳಲ್ಲಿ ನಾಲ್ಕು ಉಳಿದು ಒಂದು ಹಿಂದಿರುಗಿತೆಂದಾದರೆ, ನಾಲ್ಕರ ಲಾಭ 556ರಲ್ಲಿ, ಕೆಟ್ಟ ಅಂಗಿಯ 210ನ್ನೂ ಹೋಗಿಬರುವ ಸಾಗಣೆಗೆ 120ನ್ನೂ ಕಳೆದು, 226 ಉಳಿಯಿತು. ಅಂಗಿಯೊಂದಕ್ಕೆ ನಲವತ್ತೈದು ರೂಪಾಯಿ. ಕ್ಯಾಶ್ ಆನ್ ಡೆಲಿವರಿಯೆಂಬ ನಮ್ಮ ಪ್ರಿಯವಾದ ಪದ್ಧತಿಯಲ್ಲಿ, ಬಾಗಿಲಿಗೆ ಬಂದ ಪೊಟ್ಟಣವನ್ನು ಬೇಡವೆನ್ನುವುದಕ್ಕೆ ಕೊಳ್ಳುವವನಿಗೆ ಯಾವ ಖರ್ಚೂ ಇಲ್ಲ. ಸರಕು ದೋಷವುಳ್ಳದ್ದಾಗಿದ್ದರೆ, ಜಾಹೀರಾತಿನಂತೆ ಇಲ್ಲದಿದ್ದರೆ, ಮಾರಿದವನು ಹಿಂದಕ್ಕೆ ಪಡೆಯಲೇಬೇಕೆಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ, ಹೇಳುವುದು ನ್ಯಾಯವೇ ಸರಿ. ಆದರೆ ಆ ಹೊಣೆಯು ಅಚ್ಚು ಕೆಡಿಸಿದ ಮುದ್ರಕನ ಮೇಲಲ್ಲ, ಮಾರಿದವನ ಮೇಲೆ ಬೀಳುತ್ತದೆಂಬುದನ್ನು ಹೊಸಬರು ಮನಸ್ಸಿನಲ್ಲಿಡತಕ್ಕದ್ದು.

ತೆರಿಗೆಯ ಭಾರ ಕಡಮೆಯಾಗಿದೆಯೆನ್ನಬೇಕು. ಅಂಗಡಿಗಳು ಮಾರಾಟದ ಹಣದಲ್ಲಿ ಮೊದಲೇ ಹಿಡಿದುಕೊಳ್ಳುವ ಜಿಎಸ್‌ಟಿಯ ಅಂಶವು 2024ರ ಜುಲೈನಿಂದ ನೂರಕ್ಕೆ ಐವತ್ತು ಪೈಸೆಗೆ, ಆದಾಯ ತೆರಿಗೆಯ ಅಂಶವು ಅದೇ ವರ್ಷದ ಅಕ್ಟೋಬರಿನಿಂದ ನೂರಕ್ಕೆ ಹತ್ತು ಪೈಸೆಗೆ ಇಳಿದಿವೆ. ವ್ಯವಹಾರದ ಮಿತಿಯೊಳಗಿರುವ ಸಣ್ಣವರು ಜಿಎಸ್‌ಟಿ ನೋಂದಣಿಯಿಲ್ಲದೆಯೇ ಇಂಥ ಅಂಗಡಿಗಳ ಮೂಲಕ ಸರಕು ಮಾರಬಹುದೆಂದು 2023ರ ಅಕ್ಟೋಬರ್ 1ರಿಂದ ಅನುಮತಿಯೂ ದೊರೆತಿದೆ. ಅದಕ್ಕೊಂದು ಕಟ್ಟಳೆ: ಮಾರಾಟವು ರಾಜ್ಯದ ಗಡಿಯನ್ನು ದಾಟಕೂಡದು. ತತ್ಫಲವಾಗಿ ದೊಡ್ಡಬಳ್ಳಾಪುರದವನು ಬೀದರಿಗೆ ಅಂಗಿ ಕಳುಹಿಸಬಹುದು, ಗೌರಿಬಿದನೂರನ್ನು ದಾಟಿದೊಡನೆ ಸಿಗುವ ಹಿಂದೂಪುರಕ್ಕೆ ಕಳುಹಿಸಲಾರ; ಕನ್ನಡ ಅಕ್ಷರದ ಅಂಗಿಯನ್ನು ಅತ್ಯಂತ ಅಕ್ಕರೆಯಿಂದ ತೊಡುವ ಕಾಸರಗೋಡಿನವರಿಗೆ ಮಾರಲಾರ. ಮುದ್ರಕನು ತಿರುಪ್ಪೂರಿನಲ್ಲಿದ್ದು ಮಾರುವವನು ಹೊಸಕೋಟೆಯಲ್ಲಿದ್ದರೆ ಇನ್ನೊಂದು ತೊಡಕು. ಸರಕನ್ನು ತಾನೇ ಎತ್ತಿಕೊಂಡು ಹೋಗುವ ಅಂಗಡಿಯು ಮಾರುವವನು ನೋಂದಾಯಿಸಿದ ವಿಳಾಸಕ್ಕೆ ಬಂದು ನಿಲ್ಲುತ್ತದೆ, ಅಂಗಿಯಾದರೋ ಇನ್ನೊಂದು ರಾಜ್ಯದಲ್ಲಿ ಅಚ್ಚಾಗುತ್ತಿದೆ.

ಹೀಗಿದ್ದೂ ನಮ್ಮ ಯುವಕರು ತಿರುಪ್ಪೂರು, ಚೆನ್ನೈಗಳ ಮುದ್ರಕರನ್ನೇ ಆಶ್ರಯಿಸುತ್ತಿರುವುದಕ್ಕೆ ಕಾರಣ ಸ್ಪಷ್ಟ. ಅವರು ಅಚ್ಚಿನ ಜೊತೆಗೆ ಜೋಡಣೆಯ ತಂತ್ರಾಂಶವನ್ನೂ ಸಿದ್ಧಮಾಡಿ ಇಟ್ಟಿದ್ದಾರೆ. ಒಂದು ಸಂಜೆಯೊಳಗೆ ಅಂಗಡಿ ತೆರೆದುಬಿಡಬಹುದು. ಅವರ ಬುದ್ಧಿವಂತಿಕೆಗೆ ನನ್ನ ಮೆಚ್ಚುಗೆಯಿದೆ. ಆದರೆ ಅಲ್ಲಿ ಬಟ್ಟೆ ಅವರದು, ಅಚ್ಚು ಅವರದು, ಯಾವ ಚಿತ್ರ ಯಾವ ಊರಿನಲ್ಲಿ ಎಷ್ಟು ಬಿಕರಿಯಾಯಿತೆಂಬ ಖಾತೆಪುಸ್ತಕವೂ ಅವರ ಗಣಕದಲ್ಲಿ. ನಮ್ಮವನಿಗೆ ಉಳಿಯುವುದು ಚಿತ್ರ ಬರೆದ ಕೂಲಿ.

ಆ ಚಿತ್ರವಾದರೂ ಅವನದಾಗಿ ಉಳಿಯುವುದೇ? ವಿನ್ಯಾಸವು ವಸ್ತ್ರದಿಂದ ಬೇರ್ಪಟ್ಟು ತಾನೇ ಒಂದು ಸ್ವತ್ತಾದುದು ಇಂದು ನಿನ್ನೆಯ ಸಂಗತಿಯಲ್ಲ. 1804ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡ್ ಎಂಬಾತನು ರಂಧ್ರ ಕೊರೆದ ರಟ್ಟುಗಳಿಂದ ಮಗ್ಗವನ್ನು ನಡೆಸಿ ತೋರಿಸಿದಂದೇ, ಹೂಬಳ್ಳಿಯ ವಿನ್ಯಾಸವನ್ನು ಕಟ್ಟಿ ಕಂಕುಳಲ್ಲಿಟ್ಟುಕೊಂಡು ಹೋಗಬಹುದೆಂಬುದು ಸಿದ್ಧವಾಯಿತು. ಅವನ ಹೆಸರನ್ನು ದೊಡ್ಡಬಳ್ಳಾಪುರದ ನೇಕಾರರು ದಿನವೂ ಉಚ್ಚರಿಸುತ್ತಾರೆ. ನೇಯ್ದ ಸೀರೆಯ ವಿನ್ಯಾಸವನ್ನು ಹೊರಗಿನವರು ಕದ್ದು ಅಗ್ಗದ ಬಟ್ಟೆಯಲ್ಲಿ ಇಳಿಸಿಬಿಡುತ್ತಾರೆಂಬ ದೂರೂ ಅಲ್ಲಿ ಹಳೆಯದೇ. ಕಾಯಿದೆಯು ಏನೆನ್ನುತ್ತದೆ? 1957ರ ಕೃತಿಸ್ವಾಮ್ಯದ ಕಾಯಿದೆಯ 15ನೆಯ ವಿಧಿಯಂತೆ, ನೋಂದಣಿಗೆ ಅರ್ಹವಾಗಿದ್ದೂ ನೋಂದಣಿಯಾಗದ ವಿನ್ಯಾಸವೊಂದನ್ನು ಅದರ ಒಡೆಯನೋ ಅವನ ಅನುಮತಿ ಪಡೆದವನೋ ಯಂತ್ರೋದ್ಯಮದ ಕ್ರಮದಿಂದ ಐವತ್ತಕ್ಕಿಂತ ಹೆಚ್ಚು ಬಾರಿ ಪದಾರ್ಥದ ಮೇಲೆ ಮೂಡಿಸಿದೊಡನೆ, ಆ ವಿನ್ಯಾಸದ ಕೃತಿಸ್ವಾಮ್ಯವು ನಿಂತುಹೋಗುತ್ತದೆ. 2000ದ ವಿನ್ಯಾಸಗಳ ಕಾಯಿದೆಯಡಿ ನೋಂದಣಿ ಮಾಡಿಸಿದರೆ ಹತ್ತು ವರ್ಷ, ನವೀಕರಿಸಿದರೆ ಇನ್ನೈದು ವರ್ಷ ರಕ್ಷಣೆಯುಂಟು. ಆದರೆ ಅರ್ಜಿಯನ್ನು ಚಿತ್ರವು ಲೋಕದ ಕಣ್ಣಿಗೆ ಬೀಳುವುದಕ್ಕೆ ಮೊದಲು ಹಾಕಬೇಕು. ನಾಲ್ಕು ಅಂಗಡಿಗಳಲ್ಲಿ ತೂಗುಹಾಕಿ, ಐವತ್ತೊಂದನೆಯ ಅಂಗಿ ಮಾರಾಟವಾದಾಗ ಸಂಭ್ರಮಪಡುವ ಹುಡುಗನಿಗೆ ಇದನ್ನು ಮುಂಚೆಯೇ ಹೇಳುವವರು ಯಾರು?

ಆದುದರಿಂದ ನನ್ನ ವಾದವಿಷ್ಟೆ: ಅಚ್ಚಿನ ಯಂತ್ರವನ್ನು ಒಬ್ಬೊಬ್ಬರೂ ಕೊಳ್ಳಲಿ, ಆದರೆ ಅಂಗಡಿಗಳನ್ನೂ ಅಚ್ಚಿನಮನೆಗಳನ್ನೂ ಹೆಣೆಯುವ ಗಂಟು ಅವರೆಲ್ಲರಿಗೂ ಸೇರಿದ ಒಂದು ಸಂಘದ ಕೈಯಲ್ಲಿರಲಿ. ಅಂಗಡಿಯ ಖಾತೆ, ಎಸ್‌ಕೆಯು ಪಟ್ಟಿ, ಪ್ಲೇನ್ ಬಟ್ಟೆಯ ದಾಸ್ತಾನು, ಗಡಿಯಾಚೆಗೆ ಮಾರಲು ಬೇಕಾದ ಜಿಎಸ್‌ಟಿ ಸಂಖ್ಯೆ, ಪರೀಕ್ಷಿಸಿ ನೋಡಿದ ಯೂನಿಕೋಡ್ ಕನ್ನಡದ ಲಿಪಿಗಳು, ಮಾರಾಟದ ಲೆಕ್ಕ, ಇವು ಸಂಘದವು. ಆರ್ಡರು ಬಂದಾಗ ಸಂಘದ ಗಣಕವು ಯಾರ ಯಂತ್ರ ಬಿಡುವಾಗಿದೆಯೆಂದು ನೋಡಿ ಹಂಚುವುದು; ಸಂಜೆ ಪೊಟ್ಟಣಗಳು ಒಂದೇ ಕಡೆ ಸೇರುವುವು. ಒಂಟಿ ಮನೆಯವನಿಗೆ ಎಂಬತ್ತು ಬಾಬುಗಳ ಮ್ಯಾಪಿಂಗ್ ಕಾಯುವುದೇ ಒಂದು ಪೂರ್ಣ ಉದ್ಯೋಗವಾದೀತು. ಮೂವತ್ತು ಮನೆಗಳಿಗೆ ಸೇರಿ ಇಬ್ಬರು ಕಲಿತ ಹೆಣ್ಣುಮಕ್ಕಳು ಸಾಕು.

ಇದು ಕಾರ್ಯಸಾಧ್ಯವೇ ಎಂದು ಕೇಳುವವರು ತಮ್ಮ ಊರಿನ ಡೈರಿಯತ್ತ ನೋಡಲಿ. ಎರಡು ಹಸು ಕಟ್ಟಿದ ಹೆಂಗಸು ಬೆಳಗ್ಗೆ ಕ್ಯಾನು ಹಿಡಿದು ಹೋಗುತ್ತಾಳೆ, ಹಾಲನ್ನು ಅಳೆದು ಕೊಬ್ಬಿನಂಶ ನೋಡಿ ಬರೆದುಕೊಳ್ಳುತ್ತಾರೆ, ಬೆಂಗಳೂರಿನ ಯಾವ ಮನೆಯವರು ಅದನ್ನು ಕಾಯಿಸಿ ಕುಡಿಯುತ್ತಾರೆಂಬ ಚಿಂತೆ ಆಕೆಗೆ ಬೇಕಿಲ್ಲ. ಆದರೂ ನಂದಿನಿಯೆಂಬ ಹೆಸರು ಯಾವ ಸಾಹುಕಾರನದೂ ಅಲ್ಲ, ಆಕೆಯಂಥವರ ಸಂಘಗಳ ಒಕ್ಕೂಟದ್ದು. 1905ರಲ್ಲಿಯೇ ಗದಗಿನ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ನೇಕಾರರ ಸಹಕಾರ ಸಂಘಗಳ ವಿಷಯದಲ್ಲಿ ಇದೇ ಉತ್ಸಾಹದಿಂದ ಮಾತನಾಡಲಾರೆನೆಂಬುದನ್ನು ಒಪ್ಪುತ್ತೇನೆ. ಹೆಸರಿಗಷ್ಟೇ ಸದಸ್ಯರಿದ್ದು, ಚುನಾವಣೆಯ ವರ್ಷದಲ್ಲಿ ಮಾತ್ರ ಬಾಗಿಲು ತೆರೆಯುವ ಸಂಘಗಳನ್ನು ಯಾರು ಕಂಡಿಲ್ಲ? ಡೈರಿಯು ನಿಂತುದು ದಿನಕ್ಕೆರಡು ಸಲ ಲೆಕ್ಕ ಬರೆಯುವ ಶಿಸ್ತಿನಿಂದ. ಅಂಥ ಶಿಸ್ತಿಗೆ ಈ ವೃತ್ತಿ ಅನುಕೂಲವಾದುದೇ, ಏಕೆಂದರೆ ಇಲ್ಲಿ ಆರ್ಡರೂ ಅಚ್ಚೂ ರವಾನೆಯೂ ಗಂಟೆ ನಿಮಿಷಗಳ ಸಹಿತ ತಾವಾಗಿಯೇ ದಾಖಲಾಗುತ್ತವೆ. ಬೇಕಾದರೆ ಪ್ರತಿ ಸದಸ್ಯನೂ ತನ್ನ ಮೊಬೈಲಿನಲ್ಲಿಯೇ ನೋಡಿಕೊಳ್ಳಬಹುದು.

ಸರ್ಕಾರದ ಓಎನ್‌ಡಿಸಿ ಜಾಲವಿರುವಾಗ ಇದೆಲ್ಲ ಏಕೆಂದು ಕೆಲವರು ಆಕ್ಷೇಪಿಸಬಹುದು. 2021ರ ಡಿಸೆಂಬರಿನಲ್ಲಿ ಸಂಸ್ಥೆಯಾಗಿ ಸ್ಥಾಪಿತವಾಗಿ, 2022ರ ಸೆಪ್ಟೆಂಬರ್ 30ರಂದು ಬೆಂಗಳೂರಿನಲ್ಲಿಯೇ ಸಾರ್ವಜನಿಕ ಪ್ರಯೋಗಕ್ಕೆ ತೆರೆದ ಈ ಜಾಲದ ಆಶಯ ಉದಾತ್ತವಾದುದು: ಮಾರುವವನು ಒಂದು ಕಡೆ ಸೇರಿಕೊಂಡರೆ, ಅದೇ ಜಾಲಕ್ಕೆ ಸೇರಿದ ಎಲ್ಲ ಕೊಳ್ಳುವ ಆ್ಯಪ್‌ಗಳಲ್ಲಿಯೂ ಅವನ ಸರಕು ಕಾಣಿಸಬೇಕು. ಅಂಗಡಿಗಳ ಬೇಲಿಯನ್ನು ತೆಗೆಯುವ ಈ ಯತ್ನವನ್ನು ಸಂಘವು ತನ್ನ ನಾಲ್ಕು ಬಾಗಿಲುಗಳಲ್ಲಿ ಒಂದಾಗಿ ಅವಶ್ಯವಾಗಿ ಬಳಸಿಕೊಳ್ಳಲಿ. ಆದರೆ ಬೇಲಿ ತೆಗೆದ ಮಾತ್ರಕ್ಕೆ ಎಲ್ ಅಳತೆಯ ಅಂಗಿಯನ್ನು ಯಾರೂ ಎಣಿಸಿಡುವುದಿಲ್ಲ, ಲಕ್ಷ್ಮಿಯ ಒತ್ತಕ್ಷರವನ್ನು ಯಾರೂ ತಿದ್ದುವುದಿಲ್ಲ.

ಸರ್ಕಾರಗಳು ನೇಕಾರನಿಗೆ ನೆರವಾಗುವಾಗ ಕಣ್ಣಿಗೆ ಕಾಣುವ ವಸ್ತುಗಳನ್ನೇ ಕೊಡುತ್ತವೆ. ರಾಜ್ಯದ 2019–24ರ ಜವಳಿ ನೀತಿಯು ಬಂಡವಾಳಕ್ಕೆ ಸಹಾಯಧನವನ್ನು ಕೊಟ್ಟಿತು. 2023ರ ಮುಂಗಡಪತ್ರದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ವಿದ್ಯುನ್ಮಗ್ಗಗಳಿಗೆ ಉಚಿತ ವಿದ್ಯುತ್ತಿನ ಘೋಷಣೆಯಾಯಿತು. ಇವುಗಳಿಂದ ಮಗ್ಗ ತಿರುಗುತ್ತದೆ, ಗಿರಾಕಿಯ ವಿಳಾಸ ತಿಳಿಯುವುದಿಲ್ಲ. ಒಂದು ಯಂತ್ರಕ್ಕೆ ಕೊಡುವ ಸಹಾಯಧನದ ಪಕ್ಕದಲ್ಲಿ ಸಂಘವೊಂದರ ತಂತ್ರಾಂಶಕ್ಕೂ, ಆ ಇಬ್ಬರು ಹೆಣ್ಣುಮಕ್ಕಳ ಮೂರು ವರ್ಷದ ಸಂಬಳಕ್ಕೂ, ವರ್ಷಕ್ಕೆ ಇಂತಿಷ್ಟು ವಿನ್ಯಾಸಗಳ ನೋಂದಣಿಯ ಶುಲ್ಕಕ್ಕೂ ಹಣ ಮೀಸಲಿಟ್ಟರೆ ಖಜಾನೆಗೆ ಆಗುವ ಹೊರೆ ದೊಡ್ಡದಲ್ಲ. ಮೊದಲನೆಯ ಪ್ರಯೋಗಕ್ಕೆ ದೊಡ್ಡಬಳ್ಳಾಪುರವೇ ತಕ್ಕ ಸ್ಥಳವೆಂದು ನನ್ನ ಎಣಿಕೆ. ಬಟ್ಟೆಯ ಗುಣದೋಷವನ್ನು ಬೆರಳಿನಿಂದಲೇ ಅರಿಯಬಲ್ಲ ಜನ ಅಲ್ಲಿದ್ದಾರೆ, ಪೊಟ್ಟಣ ಹೋಗಬೇಕಾದ ಹೆದ್ದಾರಿ ಊರನ್ನು ಒರಸಿಕೊಂಡೇ ಹೋಗಿದೆ. ಮೊದಲ ವರ್ಷ ನಾಲ್ಕು ಅಂಗಡಿಗಳು ಬೇಡ, ಎರಡು ಸಾಕು. ಇಪ್ಪತ್ತು ಚಿತ್ರಗಳೂ ಬೇಡ, ಬಣ್ಣಗಳು ಕಪ್ಪು ಬಿಳಿ ಎರಡೇ ಇರಲಿ, ಕ್ಯಾಶ್ ಆನ್ ಡೆಲಿವರಿಯನ್ನು ಹೆಸರು ಬರೆಯಿಸುವ ಅಂಗಿಗಳಿಗೆ ಕೊಡುವುದೇ ಬೇಡ. ರಾಜ್ಯೋತ್ಸವದ ಆರ್ಡರುಗಳು ದಸರೆ ಮುಗಿಯುತ್ತಲೇ ಬರತೊಡಗುವುದರಿಂದ, ಸಂಘದ ನೋಂದಣಿಯೂ ಜಿಎಸ್‌ಟಿ ಸಂಖ್ಯೆಯೂ ಶ್ರಾವಣದೊಳಗಾಗಿ ಕೈಸೇರಿರಬೇಕು.